ಒಂದನೇ ಸ್ಲಾಟ್

"ಯಾರೂ ಯಾರನ್ನೂ ಹೊಡೀಬಾರದು," ಎಂದೆ. "ಬಾಹ್ಯಾಕಾಶ ಇರಬೇಕು. ಏನಾದ್ರೂ ಕಟ್ಟೋ ಹಾಗಿರಬೇಕು, ಮಾಡಿದ್ದನ್ನ ಮಾರೋ ಹಾಗಿರಬೇಕು. ಅಂಥದ್ದು ಇದೆಯಾ?"

ಹಳೆಯ ಕಂಪ್ಯೂಟರ್ ಗೇಮ್‌ಗಳನ್ನು ವಾರದ ಬಾಡಿಗೆಗೆ ಕೊಡುವ ಅಂಗಡಿ ಅದು. ನನ್ನ ಹೊಲಿಗೆ ಅಂಗಡಿಯಿಂದ ಎಂಟು ಬಾಗಿಲು ಆಚೆ. ಅಂಗಡಿಯವರು ಲ್ಯಾಪ್‌ಟಾಪೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ಬೇರೆಯವರು ಪೆನ್ಸಿಲ್ ಸಿಕ್ಕಿಸುವ ಕಿವಿಯ ಸಂದಿಯಲ್ಲಿ ಇವರು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದರು.

"ಮಗನಿಗಾ?"

"ಇರೋದು ಮಗಳು. ಅವಳಿಗೂ ಅಲ್ಲ, ನನಗೆ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟು ನೆಟ್ಟಗೆ ಕೂತರು.

"ಎಷ್ಟು ಜನ ಆಡೋದು?"

"ಒಬ್ಬಳೇ. ಬೇರೆ ಯಾರೂ ಬರಬಾರದು."

ಆ ಕೊನೆಯ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೇನೋ. ಎಂಟು ವರ್ಷ ಕೂಗಾಟದ ಸಂಸಾರ ಮಾಡಿ, ಮಗಳ ಕೈ ಹಿಡಿದುಕೊಂಡು ಹೊರಗೆ ಬಂದು ಆಗಿನ್ನೂ ಎರಡು ವರ್ಷ. ಗಾಳಿಗೆ ಬಾಗಿಲು ಬಡಿದುಕೊಂಡರೂ ಬೆಚ್ಚುತ್ತಿದ್ದೆ. ಕುಕ್ಕರ್ ಮೂರು ಸಲ ಕೂಗುವಷ್ಟು ಹೊತ್ತು, ಯಾರೂ ಇಲ್ಲದ ಕಡೆ ಸುಮ್ಮನೆ ಏನಾದರೂ ಕಟ್ಟುತ್ತ ಕೂರಬೇಕು ಅನ್ನಿಸುತ್ತಿತ್ತು.

"ಒಂದು ವಾರ ಟೈಮ್ ಕೊಡಿ ಮೇಡಂ," ಎಂದರು. "ಡಬ್ಬದ ಮೇಲೆ ಬಹಳ ಸಾಧು ಅಂತ ಬರೆದಿರ್ತಾರೆ, ಒಳಗೆ ಹೋದ್ರೆ ದರೋಡೆಕೋರರು. ನಾನೇ ಆಡಿ ನೋಡಿ ಕೊಡ್ತೀನಿ."

"ಗಂಡು ಹುಡುಕೋರು ಹೇಳಿದ ಹಾಗಾಯ್ತು," ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವುದರೊಳಗೆ ಅವರ ಕಿವಿ ಕೆಂಪಾಗಿತ್ತು.

ಹಾಗೆ ಶುರುವಾಯಿತು. ಪ್ರತಿ ಶನಿವಾರ ಒಂದು ಲ್ಯಾಪ್‌ಟಾಪ್, ಅದರಲ್ಲಿ ಒಂದು ಆಟ, ಮುಚ್ಚಳದ ಮೇಲೆ ಅಂಟಿಸಿದ ಒಂದು ಚೀಟಿ. 'ಮೂರನೇ ಗಂಟೆಗೆ ಕಳ್ಳರು ಬರುತ್ತಾರೆ. ಕೆಂಪು ಗ್ರಹದ ಕಡೆ ಹೋಗದಿದ್ದರೆ ಅವರೂ ಬರುವುದಿಲ್ಲ.' 'ಮೊದಲು ನೀರಿನ ಹಡಗು ಕಟ್ಟಿ, ಆಮೇಲೆ ಕಬ್ಬಿಣ.' ಒಂದು ಚೀಟಿಯಲ್ಲಿ, 'ಇದರಲ್ಲಿ ಒಂದೇ ಒಂದು ಗುಂಡು ಹಾರುತ್ತದೆ. ಅದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ, ಕ್ಷಮಿಸಿ.'

ಹೊಲಿಗೆ ಅಂಗಡಿಯಲ್ಲಿ ನನ್ನ ಜೊತೆ ಕಾಜಾ ಗುಂಡಿ ಮಾಡುತ್ತಿದ್ದ ನಮ್ಮಕ್ಕ ಎಲ್ಲವನ್ನೂ ಓರೆಗಣ್ಣಿನಲ್ಲೇ ನೋಡುತ್ತಿದ್ದಳು.

"ಆಟ ಬದಲಾಗ್ತಿದೆಯೋ ಇಲ್ವೋ ಕಾಣೆ ಕಣೇ," ಎಂದಳು ಒಮ್ಮೆ. "ನಿನ್ನ ಕಿವಿಯೋಲೆ ಮಾತ್ರ ಶನಿವಾರ ಶನಿವಾರ ಬದಲಾಗ್ತಿದೆ."

"ಸೂಜಿ ಕಡೆ ನೋಡು ಅಕ್ಕ, ಚುಚ್ಚಿಕೊಳ್ತೀಯ."

"ನನಗೇನೂ ಚುಚ್ಚಿಲ್ಲ ತಾಯಿ."

ಒಂದು ಶನಿವಾರ ಆಟದ ಅಂಗಡಿಯವರ ಅಂಗಿತೋಳಿನ ಗುಂಡಿ ಕಿತ್ತು ನೇತಾಡುತ್ತಿತ್ತು. ಕಸುಬಿನವಳ ಕಣ್ಣು, ಸುಮ್ಮನಿರಲಾಗಲಿಲ್ಲ. ಸೂಜಿ ದಾರ ಬ್ಯಾಗಿನಲ್ಲೇ ಇತ್ತು. ಕೌಂಟರಿನ ಮೇಲೆ ಕೈ ಚಾಚಿದರು.

"ಅಲುಗಾಡಬೇಡಿ."

"ನಾನೆಲ್ಲಿ ಅಲುಗಾಡ್ತಿದ್ದೀನಿ. ಅಲುಗಾಡ್ತಿರೋದು ನಿಮ್ಮ ಸೂಜಿ."

ನಿಜವೇ ಆಗಿತ್ತು. ಹಲ್ಲಿನಲ್ಲಿ ದಾರ ಕಡಿಯಲು ಬಾಗಬೇಕಾಗಿತ್ತು. ಬಾಗಲಿಲ್ಲ, ಕತ್ತರಿ ಕೇಳಿದೆ. ಅವರು ಕತ್ತರಿ ಹುಡುಕಲು ಬಹಳ ಹೊತ್ತು ತೆಗೆದುಕೊಂಡರು. ಅದು ಅವರ ಕಣ್ಣೆದುರಿಗೇ ಇತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಆಟಗಳಲ್ಲಿ, ನಿಲ್ಲಿಸಿದ ಕಡೆಯಿಂದ ಮುಂದುವರಿಸಲು ಮೂರು ಜಾಗಗಳಿರುತ್ತವೆ, ಸ್ಲಾಟ್ ಎನ್ನುತ್ತಾರೆ. ಒಂದನೆಯದರಲ್ಲಿ ಯಾವಾಗಲೂ ಅವರು ಪರೀಕ್ಷೆಗೆಂದು ಆಡಿದ್ದು ಇರುತ್ತಿತ್ತು. ನಾನು ಅದನ್ನು ತೆರೆದವಳಲ್ಲ. ಗಿರಾಕಿಯ ಜೇಬಿನಲ್ಲಿ ಏನು ಸಿಕ್ಕರೂ ಓದದೆ ಲಕೋಟೆಗೆ ಹಾಕಿ ಪಿನ್ನು ಹೊಡೆಯಬೇಕು ಎಂದು ಕೆಲಸ ಕಲಿಸಿದವರು ಕಲಿಸಿದ್ದರು. ನಾನು ಎರಡನೆಯದರಲ್ಲಿ ಆಡಿ, ಹಿಂದಿರುಗಿಸುವಾಗ ನನ್ನದನ್ನು ಅಳಿಸುತ್ತಿದ್ದೆ. ಪಕ್ಕದ ಮನೆಯ ಪಾತ್ರೆಯನ್ನು ತೊಳೆದು ಕೊಡುವುದಿಲ್ಲವೇ, ಹಾಗೆ.

ಹನ್ನೊಂದನೇ ಶನಿವಾರ ಕೊಟ್ಟ ಲ್ಯಾಪ್‌ಟಾಪಿನ ಮೇಲೆ ಚೀಟಿ ಇರಲಿಲ್ಲ.

"ಈ ಸಲ ಬರೆದಿಲ್ಲ," ಎಂದರು, ನನ್ನನ್ನು ನೋಡದೆ. "ತೆರೆದ್ರೆ ಗೊತ್ತಾಗುತ್ತೆ. ನಿಧಾನವಾಗಿ ನೋಡಿ."

ಚೀಟಿಯೇ ಬೇಡದಷ್ಟು ಸುಲಭದ ಆಟ ಅಂದುಕೊಂಡೆ. ಸುಲಭವಾಗಿಯೇ ಇತ್ತು. ಒಂದು ಪುಟ್ಟ ಚಂದ್ರನ ಸುತ್ತ ನಿಲ್ದಾಣ ಕಟ್ಟಿದೆ. ನೂಲು ತರಿಸಿ, ಬಟ್ಟೆ ನೇಯಿಸಿ, ಗಣಿ ಕೆಲಸದವರಿಗೆ ಮಾರಿದೆ. ಆ ವಾರ ಒಮ್ಮೆಯೂ ಬೆಚ್ಚಿದ ನೆನಪಿಲ್ಲ.

ಹಿಂದಿರುಗಿಸುವ ದಿನ ನೋಡಿದರೆ, ಆ ಆಟದಲ್ಲಿ ಒಂದೊಂದಾಗಿ ಅಳಿಸಲು ಬರುತ್ತಿರಲಿಲ್ಲ. ಅಳಿಸಿದರೆ ಮೂರೂ ಒಟ್ಟಿಗೆ. ಅವರದು ಬರೀ ಪರೀಕ್ಷೆಯ ಆಟ, ಮುಗಿದಿದೆಯಲ್ಲ ಎಂದು ಒತ್ತಿದೆ.

"ನೋಡಿದ್ರಾ?" ಎಂದು ಕೇಳಿದರು. ದನಿ ಯಾಕೋ ಒಣಗಿತ್ತು.

"ನೋಡಿದೆ. ತುಂಬಾ ಚೆನ್ನಾಗಿತ್ತು. ಎಲ್ಲಾ ಅಳಿಸಿ ಕೊಟ್ಟಿದ್ದೀನಿ ನೋಡಿ, ಏನೂ ಉಳಿಸಿಲ್ಲ. ನಿಮಗೆ ತೊಂದರೆ ಆಗಬಾರದಲ್ಲ."

ಅವರು ಲ್ಯಾಪ್‌ಟಾಪ್ ತೆರೆದರು, ನೋಡಿದರು, ಮುಚ್ಚಿದರು.

"ಸರಿ ಮೇಡಂ. ಹೇಳಿದ್ದು ಒಳ್ಳೇದಾಯ್ತು."

ಮುಂದಿನ ಶನಿವಾರ, "ಹೊಸದು ಬಂದಿಲ್ಲ," ಎಂದರು. ಅದರ ಮುಂದಿನ ಶನಿವಾರವೂ ಅದೇ ಮಾತು. ಮೂರನೆಯ ಸಲ ನನಗೇ ನಾಚಿಕೆಯಾಯಿತು. ಗಂಡನ ಮನೆ ಬಿಟ್ಟು ಬಂದವಳು ವಾರ ವಾರ ಅಂಗಡಿಗೆ ಬರುತ್ತಾಳೆ ಎಂದು ಯಾರಾದರೂ ಏನಾದರೂ ಅಂದಿರಬೇಕು ಎಂದುಕೊಂಡೆ. ಕಿವಿಯೋಲೆ ಬಿಚ್ಚಿ ಡಬ್ಬಿಗೆ ಹಾಕಿದೆ. ಆ ಎಂಟು ಬಾಗಿಲು ದಾಟುವುದನ್ನು ಬಿಟ್ಟೆ.

ಹತ್ತು ತಿಂಗಳಾದ ಮೇಲೆ ಅವರೇ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಹಳೆಯ ಕೋಟು.

"ಅಪ್ಪನ ಕೋಟು. ನನ್ನ ಅಳತೆಗೆ ಸರಿ ಮಾಡಿಕೊಡಬೇಕು."

"ಯಾವಾಗಕ್ಕೆ?"

"ಹದಿನೈದನೇ ತಾರೀಕಿಗೆ. ಮದುವೆ."

"ಯಾರದು?"

"ನನ್ನದೇ."

ಅಕ್ಕನ ಮೆಷಿನ್ ನಿಂತಿತು. ನಾನು ಟೇಪು ತೆಗೆದುಕೊಂಡೆ. ಭುಜದ ಅಳತೆ, ತೋಳಿನ ಅಳತೆ. ಅವರ ಅಂಗಿತೋಳಿನಲ್ಲಿ ನಾನು ಹೊಲಿದ ಗುಂಡಿ ಹಾಗೇ ಇತ್ತು, ಉಳಿದವಕ್ಕಿಂತ ಒಂದು ಸುತ್ತು ಹೆಚ್ಚು ದಾರ. ಅಳತೆ ಬರೆದುಕೊಂಡು, ಅಭ್ಯಾಸದಂತೆ ಕೋಟಿನ ಜೇಬಿಗೆ ಕೈ ಹಾಕಿದೆ. ಮಡಚಿದ ಕಾಗದವೊಂದು ಸಿಕ್ಕಿತು. ಲಕೋಟೆಗೆ ಹಾಕಿ, ಪಿನ್ನು ಹೊಡೆದು, ಅವರ ಮುಂದಿಟ್ಟೆ.

"ಏನದು ಅಂತ ನೋಡಲ್ವಾ?"

"ಗಿರಾಕಿ ಜೇಬಿನದ್ದು ನಾವು ಓದಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ. ಬೇರೆಯವರದ್ದು ಬೇರೆಯವರದ್ದೇ ಅಲ್ವಾ."

ಅವರು ಲಕೋಟೆಯನ್ನೇ ನೋಡುತ್ತ ನಿಂತರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಹಾಗಾದ್ರೆ ಆವತ್ತು... ಒಂದನೇ ಸ್ಲಾಟ್ ತೆರೀಲಿಲ್ವಾ ನೀವು?"

"ಅದು ನಿಮ್ಮದಲ್ವಾ. ಏನಿತ್ತು ಅದರಲ್ಲಿ?"

ಅವರು ಸ್ಟೂಲಿನ ಮೇಲೆ ಕೂತರು.

"ಇಪ್ಪತ್ತಾರು ದಿನ ಕೂತು ಒಂದು ನಿಲ್ದಾಣ ಕಟ್ಟಿದ್ದೆ. ಸುತ್ತ ಎಷ್ಟು ದೂರ ಹೋದ್ರೂ ಒಬ್ಬ ಕಳ್ಳ ಇಲ್ಲ, ಹುಡುಕಿ ಹುಡುಕಿ ಅಂಥ ಜಾಗ ಆರಿಸಿದ್ದೆ. ಒಂದು ಹೊಲಿಗೆ ಕೋಣೆ. ಮಗುಗೆ ಅಂತ ಒಂದು ಶಾಲೆ. ಹಡಗು ನಿಲ್ಲೋಕೆ ಎರಡು ಕಟ್ಟೆ. ಒಂದರ ಮೇಲೆ ನನ್ನ ಹೆಸರು, ಇನ್ನೊಂದರ ಮೇಲೆ ನಿಮ್ಮದು. ಬಾಗಿಲ ಮೇಲೆ, 'ಬರ್ತೀರಾ' ಅಂತ ಬರೆದಿದ್ದೆ. ಯಾರೂ ಬರಬಾರದು ಅಂದಿದ್ರಲ್ಲ ಮೇಡಂ. ಬಾಯಿಬಿಟ್ಟು ಕೇಳೋಕೆ ಧೈರ್ಯ ಆಗಲಿಲ್ಲ. ನೀವು ನೋಡಿ, ಎಲ್ಲಾ ಅಳಿಸಿ ತಂದುಕೊಟ್ರಿ ಅಂದುಕೊಂಡೆ."

ನಾನು ಕೈಯಲ್ಲಿದ್ದ ಟೇಪನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

"ಮದುವೆ ಆಗ್ತಿರೋರು ಒಳ್ಳೆಯವರು," ಎಂದರು, ಕೇಳದಿದ್ದರೂ. "ಶಾಲೇಲಿ ಪಾಠ ಹೇಳ್ತಾರೆ. ನನ್ನ ಬಗ್ಗೆ ಏನೇನೋ ಆಸೆ ಇಟ್ಟುಕೊಂಡಿದ್ದಾರೆ." ನನ್ನ ಮುಖ ನೋಡಿದರು. "ನೀವು ಏನಾದ್ರೂ ಹೇಳೋದಿದ್ರೆ, ಈಗ್ಲೇ ಹೇಳಿ."

ಒಂದು ಮಾತು ಸಾಕಿತ್ತು. ಆದರೆ ಯಾವುದೋ ಮನೆಯಲ್ಲಿ ಯಾವಳೋ ಒಬ್ಬಳು, ದಿನ ಎಣಿಸುತ್ತ, ತನ್ನ ಬಟ್ಟೆ ಅಳತೆಗೆ ಕೊಟ್ಟು ಕೂತಿರುವುದು ಕಣ್ಣಿಗೆ ಕಟ್ಟಿತು. ಕೊಟ್ಟ ಮಾತು ಮುರಿದರೆ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹದಿಮೂರನೇ ತಾರೀಕಿಗೇ ಬನ್ನಿ," ಎಂದೆ. "ಹಾಕಿ ನೋಡಬೇಕಲ್ಲ."

ಅವರು ಹೋದ ಮೇಲೆ ಅಕ್ಕ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನ ತಲೆ ನೇವರಿಸಿ, "ಅಟ್ಟ ಮೇಲೆ ಒಲೆ ಉರೀತು ಕಣೇ," ಎಂದಳು. ಹಿಂದೆಂದೂ ನನ್ನನ್ನು ಅಷ್ಟು ಮೆತ್ತಗೆ ಮಾತಾಡಿಸಿದವಳಲ್ಲ.

ಆ ಕೋಟಿಗೆ ನಾನು ಪಟ್ಟಷ್ಟು ಶ್ರಮ ಯಾವ ಬಟ್ಟೆಗೂ ಪಟ್ಟಿಲ್ಲ. ಒಳಗಿನ ಅಸ್ತರು ಪೂರ್ತಿ ಬದಲಾಯಿಸಿದೆ. ಒಳಜೇಬು ಒಂದಿತ್ತು. ಯಾರೂ ಕೇಳಿರಲಿಲ್ಲ, ಪಕ್ಕದಲ್ಲಿ ಇನ್ನೊಂದು ಹೊಲಿದೆ.

ಹದಿಮೂರಕ್ಕೆ ಬಂದರು. ಕನ್ನಡಿಯ ಮುಂದೆ ನಿಂತು ಕೋಟು ಹಾಕಿಕೊಂಡರು. ಕೈ ಒಳಗೆ ಹೋಯಿತು, ಎರಡನೇ ಜೇಬಿನ ಹತ್ತಿರ ನಿಂತಿತು.

"ಇದು ಮೊದಲು ಇರಲಿಲ್ಲ."

"ಇರಲಿಲ್ಲ."

"ಖಾಲಿ ಇದೆ."

"ಹೂಂ."

ಕನ್ನಡಿಯಲ್ಲೇ ನನ್ನನ್ನು ನೋಡಿದರು. ಕತ್ತರಿ ಹುಡುಕಿದ ದಿನದ ಹಾಗೆ, ಎದುರಿಗಿದ್ದದ್ದನ್ನು ಹುಡುಕುವ ನೋಟ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆವತ್ತು ನೋಡಿದ್ದಿದ್ರೆ?"

ಕಾಲರಿನಲ್ಲಿ ಒಂದು ನೂಲಿನ ಎಳೆ ಉಳಿದಿತ್ತು. ಈ ಸಲ ಕತ್ತರಿ ಕೇಳಲಿಲ್ಲ. ಬಾಗಿ, ಹಲ್ಲಿನಲ್ಲೇ ಕಡಿದೆ.

"ಬರ್ತಿದ್ದೆ," ಎಂದೆ.

ಅವರು ತಲೆಯಾಡಿಸಿದರು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು, ನಿಧಾನವಾಗಿ.