ಇಳಿಜಾರಿನ ಕೆಂಪು ನೀರು

ಚಾಮರಾಜನಗರದ ಮಾರುಕಟ್ಟೆ ಹಿಂದಿನ ಇಳಿಜಾರು ಬೀದಿಯಲ್ಲಿ ಹರದನಹಳ್ಳಿಯ ಮಾದೇವ ಅಂಗಾತ ಬಿದ್ದಿದ್ದ. ಬೆಳಿಗ್ಗೆ ಸೊಪ್ಪು ಮಾರಲು ಬಂದವನು. ಬೈಕ್ ಮಗುಚಿಕೊಂಡಿತ್ತು, ಸೊಪ್ಪಿನ ಕಟ್ಟುಗಳು ಚೆಲ್ಲಾಪಿಲ್ಲಿ. ಉಸಿರು ನಿಂತಿತ್ತು. ಸುತ್ತ ನೀರು ಕೆಂಪಗೆ ಹರಡಿತ್ತು.

ಸಬ್ ಇನ್‌ಸ್ಪೆಕ್ಟರ್ ಶಿವಲಕ್ಷ್ಮಿ ಜೀಪಿನಿಂದ ಇಳಿಯುವಷ್ಟರಲ್ಲಿ ಜನ ತೀರ್ಪು ಕೊಟ್ಟಾಗಿತ್ತು. ತಪ್ಪು ಮೂಗಮ್ಮನದು. ನಾಲ್ಕು ಮನೆಯ ಬಟ್ಟೆ ಒಗೆದು ಬದುಕುವವಳು, ಸೋಪಿನ ನೀರನ್ನು ಬೀದಿಗೇ ಬಿಡುತ್ತಿದ್ದಳು.

"ಕೊಳಚೆ ನೀರು ಬೀದಿಗೆ ಬಿಡಬಾರದು ಅಂತ ನಗರಸಭೆಯೋರು ನೋಟಿಸ್ ಕೊಟ್ಟಿದ್ರು, ಮೇಡಂ. ದೂರು ಕೊಟ್ಟವನೇ ನಾನು," ಎಂದ ಬೀದಿಯ ಮೇಲ್ತುದಿಯಲ್ಲಿ ಅರಿಸಿನ ಬೇಯಿಸಿ ಮಾರುವ ಮಂಡಿಯ ರಾಜಶೇಖರ್. "ಕೇಳಲಿಲ್ಲ. ಈಗ ಒಂದು ಜೀವ ಹೋಯ್ತು."

ಮೂಗಮ್ಮ ಅಲ್ಲೇ ತನ್ನ ಮನೆಯ ಜಗಲಿಯ ಮೇಲೆ ಕುಸಿದಿದ್ದಳು. "ನಾನೇ ಸಾಯಿಸ್ಬುಟ್ನಾ ತಾಯಿ? ದಿನಾ ಒಂದ್ ಕಟ್ಟು ಸೊಪ್ಪು ಕೊಟ್ಟು ಓಗೋನು. ನನ್ನ ಜೈಲಿಗೆ ಆಕ್ಬುಡಿ."

ಶಿವಲಕ್ಷ್ಮಿಗೆ ಕನಿಕರವೆನಿಸಿತು. ಆದರೆ ಕನಿಕರದ ಮಾತು ಕೇಳಿ ಕೇಸು ಬರೆಯಲಾಗುವುದಿಲ್ಲ.

*

ಹೆಣ ಎತ್ತುವಾಗ ಬಗ್ಗಿ ನೋಡಿದಳು. ಕುತ್ತಿಗೆ ಮುರಿದಿತ್ತು. ತರಚುಗಾಯ ಬಿಟ್ಟರೆ ರಕ್ತ ಹರಿಯುವಂಥದ್ದು ಏನೂ ಇಲ್ಲ.

"ಗಣೇಶ, ಇಷ್ಟು ಕೆಂಪು ಎಲ್ಲಿಂದ ಬಂತು?"

ಕಾನ್‌ಸ್ಟೇಬಲ್ ಗಣೇಶ ತಲೆ ಕೆರೆದ. "ಬಣ್ಣ ಬಿಡೋ ಸೀರೆ ಒಗ್ದಿರ್ಬೇಕು, ಮೇಡಂ."

ಮೂಗಮ್ಮ ಬಕೆಟ್ ತೋರಿಸಿದಳು. "ಇವತ್ತು ಬರೀ ಬಿಳೀ ಪಂಚೆ ಕಣವ್ವ."

ಶಿವಲಕ್ಷ್ಮಿ ಬೀದಿ ಹತ್ತಿದಳು. ಬೈಕಿನ ಫುಟ್‌ರೆಸ್ಟ್ ಕಾಂಕ್ರೀಟಿನ ಮೇಲೆ ಗೀರು ಎಳೆದಿತ್ತು. ಗೀರು ಶುರುವಾದದ್ದು ಮೂಗಮ್ಮನ ಮನೆ ಮುಂದಲ್ಲ, ಇನ್ನೂ ಮೇಲೆ, ಮಂಡಿಯ ಗೇಟಿನ ಹತ್ತಿರ. ಅಲ್ಲಿ ಬೀದಿಯನ್ನು ಯಾರೋ ಆಗತಾನೇ ಉಜ್ಜಿ ತೊಳೆದಿದ್ದರು.

"ಬೆಳಿಗ್ಗೆ ಬಾಗಿಲು ತೊಳೆಯೋದು ತಪ್ಪಾ, ಮೇಡಂ?" ರಾಜಶೇಖರ್ ನಕ್ಕ. "ನಮ್ಮ ನೀರು ಒಂದು ಹನಿ ಹೊರಗೆ ಬರಲ್ಲ. ಒಳಗೇ ಗುಂಡಿ ಇದೆ."

ಹೆಣ ಕಣ್ಣೆದುರಿಗಿರುವಾಗ ಬಾಗಿಲು ತೊಳೆದವನನ್ನು ಶಿವಲಕ್ಷ್ಮಿ ನೋಡಿದ್ದು ಇದೇ ಮೊದಲು.

*

"ಮೂಗಮ್ಮ, ಸೋಪು ಕೊಡಿ."

ಗೇಟಿನ ಪಕ್ಕ, ಗೋಡೆಯ ಬುಡದಲ್ಲೊಂದು ತೂತು. ಹಳೇ ಗೋಣಿಚೀಲ ತುರುಕಿದ್ದರು. ಗಣೇಶ ಎಳೆದ. ತೂತಿನ ಅಂಚು ಹಳದಿ. ಶಿವಲಕ್ಷ್ಮಿ ಒದ್ದೆ ಸೋಪು ಉಜ್ಜಿದಳು. ನೋಡನೋಡುತ್ತಲೇ ಹಳದಿ ಕೆಂಪಾಯಿತು.

"ಓಕುಳಿ!" ಎಂದಳು ಹಿಂದೆಯೇ ಹತ್ತಿ ಬಂದಿದ್ದ ಮೂಗಮ್ಮ.

"ಹೌದು. ಆರತಿಗೆ ಅರಿಸಿನಕ್ಕೆ ಸುಣ್ಣ ಕಲಸಿದ್ರೆ ಆಗೋ ಕೆಂಪು. ಸೋಪಿಗೂ ಹಾಗೇ ಆಗುತ್ತೆ." ಶಿವಲಕ್ಷ್ಮಿ ರಾಜಶೇಖರನ ಕಡೆ ತಿರುಗಿದಳು. "ಅರಿಸಿನ ಬೇಯಿಸಿದ ನೀರನ್ನ ಇಲ್ಲಿಂದ ಬಿಟ್ರಿ. ಬೀದಿ ಲೋಳೆಯಾಯ್ತು. ಮಾದೇವ ಇಲ್ಲಿ ಜಾರಿ ಕೆಳಗೆ ಹೋಗಿ ಬಿದ್ದ. ನೀವು ತೊಳೆದದ್ದೂ ಕೆಳಗೇ ಇಳೀತು, ಇವರ ಸೋಪಿನ ನೀರಿಗೆ ಸೇರಿ ಕೆಂಪಾಯ್ತು. ಇವರ ನೀರು ಇಳಿಜಾರು ಹತ್ತಿ ನಿಮ್ಮ ಗೇಟಿಗೆ ಬರಲ್ಲ."

"ಗುಂಡಿ ತುಂಬಿತ್ತು, ಮೇಡಂ... ಒಂದೇ ಒಂದು ಸಲ..."

"ಬಿದ್ದವನನ್ನ ಎತ್ತೋ ಬದಲು ಪೊರಕೆ ಎತ್ಕೊಂಡ್ರಲ್ಲ!"

ಗಣೇಶ ರಾಜಶೇಖರನನ್ನು ಜೀಪಿಗೆ ಹತ್ತಿಸಿದ.

"ನಂದೇನೂ ತಪ್ಪಿಲ್ವಾ ತಾಯಿ?"

"ಸಾವು ನಿಮ್ಮಿಂದ ಆಗಿಲ್ಲ. ಬೀದಿಗೆ ನೀರು ಬಿಟ್ಟಿದ್ದಕ್ಕೆ ಮಾತ್ರ ದಂಡ ಕಟ್ಟಬೇಕು."

ಮೂಗಮ್ಮ ತಲೆಯಾಡಿಸಿದಳು. ಚೆಲ್ಲಿದ ಸೊಪ್ಪನ್ನೆಲ್ಲ ಆಯ್ದಳು, ಕೆಂಪು ಹೋಗುವಂತೆ ತೊಳೆದಳು, ಮಾದೇವನ ಮನೆಗೆ ಕಳಿಸಲು ಒಟ್ಟು ಮಾಡಿದಳು.

"ನಿಮಗೊಂದು ಕಟ್ಟು ಇಟ್ಕೊಳ್ಳಿ," ಎಂದಳು ಶಿವಲಕ್ಷ್ಮಿ.

"ಅವ್ನು ಕೊಡ್ದೆ ಎಂಗ್ ತಕ್ಕಳ್ಳಿ ತಾಯಿ?"