ಸೋಸುವ ಕಾಗದದ ಮೇಲಿನ ನೀಲಿ ಎಳೆ

ದಿನಾಂಕ 3-2-2025, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶಹಾಪುರ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಣ್ಣುಮಗಳೊಬ್ಬಳು ಹೆಡ್ ಕಾನ್‌ಸ್ಟೇಬಲ್ ಮಲಕಮ್ಮನ ಮೇಜಿನ ಮೇಲೆ ಸ್ಟೀಲಿನ ಡಬ್ಬಿಯೊಂದನ್ನಿಟ್ಟಳು. ಮುಚ್ಚಳ ತೆಗೆದರೆ, ಒಳಗೆ ಗಾಜಿನ ಪುಟ್ಟ ತಟ್ಟೆಗಳಲ್ಲಿ ಎರಡು ದುಂಡನೆಯ ಕಾಗದ.

"ಇವೇನವ್ವ, ಹಪ್ಪಳೇನು?"

"ನನ್ನ ನೌಕರಿರೀ ಅಕ್ಕಾರ," ಎಂದಳು ಬಂದವಳು.

ಹೆಸರು ಪಂಚಶೀಲಾ. ಯಾದಗಿರಿಯ ಖಾಸಗಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಗುತ್ತಿಗೆ ಸಹಾಯಕಿ. ಶಿರವಾಳದ ಆಚೆಗಿನ ಕೆಂಚನದೊಡ್ಡಿಯ ಕೇರಿ ಬಾವಿಯಲ್ಲಿ ಆರ್ಸೆನಿಕ್ ಎಂಬ ವಿಷವಿದೆಯೆಂದು ಡಿಸೆಂಬರಿನಲ್ಲಿ ಅವಳ ಪರೀಕ್ಷೆ ಹೇಳಿತ್ತು. ಖಾತ್ರಿಗೆಂದು ಜನವರಿ 27ರಂದು ಮತ್ತೆ ನೀರು ತಂದರೆ ವಿಷ ಸೊನ್ನೆ. ಮೊದಲ ವರದಿಯೇ ಇವಳ ಅಜಾಗರೂಕತೆಯೆಂದು ಮೇಲಿನವರು ನೋಟಿಸು ಕೊಟ್ಟಿದ್ದರು. ಗುರುವಾರದೊಳಗೆ ತಕ್ಕ ಉತ್ತರ ಬಾರದಿದ್ದರೆ ಕೆಲಸವಿಲ್ಲ.

"ನೀರು ಯಾರೋ ಬದಲಿ ಮಾಡ್ಯಾರ್ರಿ. ನನ್ನ ನೌಕರಿ ಒತ್ತಟ್ಟಿಗಿರ್ಲಿ, ಕೇರಿ ಮಕ್ಕಳು ಅದೇ ಬಾವಿ ನೀರು ಕುಡಿಯಾಕತ್ತಾವ."

ಒಳಗಿನಿಂದ ಇನ್‌ಸ್ಪೆಕ್ಟರ್ ಭೀಮಾಶಂಕರ ಹೊರಬಂದರು. "ಇವತ್ತು ನೀರು ಕಳವಾಗ್ಯದ ಅಂತೀರಿ, ನಾಳಿ ಗಾಳಿ ಕಳವಾಗ್ಯದ ಅಂತ ಬರ್ತೀರಿ. ಸಾಕ್ಷಿ ಏನದ?"

ಪಂಚಶೀಲಾ ಹೆದರಲಿಲ್ಲ. ತನ್ನ ಕೆಲಸವನ್ನು ಅಡುಗೆ ಹೇಳಿಕೊಡುವಷ್ಟು ಸಮಾಧಾನದಿಂದ ವಿವರಿಸಿದಳು. ತಂದ ನೀರನ್ನು ಮೊದಲು ಈ ಕಾಗದದಲ್ಲಿ ಸೋಸಬೇಕು. ಕಸರು ಮೇಲೆ ನಿಂತು ತಿಳಿ ಕೆಳಗಿಳಿಯುತ್ತದೆ. ಆ ಒಂದು ಲೀಟರ್ ತಿಳಿಯನ್ನು ಕುದಿಯಗೊಡದೆ ಸಣ್ಣ ಕಾವಿನಲ್ಲಿ ಅರ್ಧ ದಿನ ಬತ್ತಿಸಿ, ಎರಡು ಚಮಚೆಯಷ್ಟಕ್ಕೆ ತರಬೇಕು. ಲೀಟರಿನಲ್ಲಿ ಚದುರಿ ಅಡಗಿದ್ದ ವಿಷ ಆಗ ಒಂದೆಡೆ ಕೂಡುತ್ತದೆ, ಯಂತ್ರದ ಕಣ್ಣಿಗೆ ಬೀಳುತ್ತದೆ. ಸೋಸಿದ ಕಾಗದವನ್ನು ಎಲ್ಲರೂ ಎಸೆಯುತ್ತಾರೆ. ಇವಳು ಒಣಗಿಸಿ, ನಂಬರು ಬರೆದು ಇಡುತ್ತಾಳೆ.

ಡಿಸೆಂಬರಿನ ಕಾಗದದ ಮೇಲೆ ತುಕ್ಕಿನ ಬಣ್ಣದ ಮಣ್ಣಿತ್ತು. ಜನವರಿಯದು ಅಚ್ಚ ಬಿಳುಪು. ಅದರ ಮೇಲೆ ಕೂದಲಿಗಿಂತ ತೆಳುವಾದ ಎರಡು ನೀಲಿ ಎಳೆ ಮಾತ್ರ.

ಮಲಕಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಅವಸರ ಅವಳ ಜಾಯಮಾನವಲ್ಲ.

"ನೂಲು ಸೀರಿ ಎಳಿ ಇದು ಸಾಹೇಬ್ರ. ಸೆರಗು ಮಡಚಿ ಸೋಸ್ಯಾರ. ಮೋಸಕ್ಕ ತುಂಬೋ ನೀರು ಯಾರರೆ ಸೋಸ್ತಾರೇನ್ರಿ? ಮಂದಿಗಿ ಕೊಡೋ ನೀರು ಸೋಸದೆ ಕೊಟ್ಟು ಗೊತ್ತಿಲ್ಲದ ಕೈ ಇದು. ವಯಸ್ಸಾದಾಕಿ."

ಭೀಮಾಶಂಕರ ಕುರ್ಚಿ ಎಳೆದುಕೊಂಡು ಕೂತರು. "ನೀರು ಎಲ್ಲೀದು?"

"ಬಾವಿ ನೀರು ಬತ್ತಿಸಿದ್ರ ಬೀಕರಿನ ಅಂಚಿಗಿ ಸುಣ್ಣ ಕಟ್ತದ್ರಿ," ಎಂದಳು ಪಂಚಶೀಲಾ. "ಇದರಾಗ ಕಟ್ಟೇ ಇಲ್ಲ. ಹೊಳಿ ನೀರಿನ ಹಂಗ ಅದ. ಸುರಪುರದ ನಳದ ನೀರು ಬತ್ತಿಸಿದ್ರ ಹಿಂಗೇ ಇರ್ತದ."

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಜನವರಿ 27ರಂದು ಬಾವಿ ನೀರು ತುಂಬಿದ ಮೇಲೆ, ಶಾಲೆಯ ಬೋರಿನ ನೀರು ತರಲು ಹೋದಾಗ, ಆ ನೀರಿನ ಬಾಟಲಿಯಿದ್ದ ಪೆಟ್ಟಿಗೆಯನ್ನು ಬಾವಿಯ ಪಕ್ಕದ ಮನೆಯ ಬಸ್ಸಮ್ಮನ ಪಡಸಾಲೆಯಲ್ಲಿಟ್ಟಿದ್ದೆನೆಂದು ಪಂಚಶೀಲಾ ಹೇಳಿಕೆ ಕೊಟ್ಟಳು.

ಮಧ್ಯಾಹ್ನ ಎರಡಕ್ಕೆ ಪಂಚಶೀಲಾಳನ್ನೂ ಕೂರಿಸಿಕೊಂಡು ಜೀಪು ಕೆಂಚನದೊಡ್ಡಿ ಮುಟ್ಟಿತು. ಬಸ್ಸಮ್ಮನ ನೆರೆಮನೆಯ ಶರೀಫಾಬೀ ಮತ್ತು ಕೇರಿಯ ಅಂಬ್ರಪ್ಪನನ್ನು ಪಂಚರನ್ನಾಗಿ ಕರೆದು, ಅವರ ಎದುರಿಗೇ ಬಾವಿ ನೀರು ತುಂಬಿ, ಅರಗು ಹಚ್ಚಿ, ಪಂಚನಾಮೆ ಬರೆಯಲಾಯಿತು.

"ಹೆಬ್ಬೆಟ್ಟು ಒತ್ತಿದ್ರ ನನಗೂ ಜೈಲೇನ್ರಿ?" ಎಂದು ಕೇಳಿದಳು ಶರೀಫಾಬೀ.

"ನಿನಗ ಊಟ ಹಾಕಿ ಜೈಲಿನವರಿಗಿ ಪೂರೈಸೋದಿಲ್ಲ ಬಿಡು," ಎಂದ ಅಂಬ್ರಪ್ಪ.

ಬಸ್ಸಮ್ಮ ನೀಲಿ ನೂಲಿನ ಸೀರೆ ಉಟ್ಟು ಹೊಸ್ತಿಲಲ್ಲಿ ಕೂತಿದ್ದಳು. ಅರವತ್ತೈದು ದಾಟಿದ ಜೀವ. ಮಲಕಮ್ಮ ಅವಳ ಪಕ್ಕದಲ್ಲೇ ಕೂತಳು.

"ನೀರಿನವರು ಬರ್ತಾರಂತ ಮೊದಲೇ ಗೊತ್ತಿತ್ತೇನು, ಆಯಿ?"

"ಡಂಗುರ ಹೊಡಿಸಿದ್ರಲ್ಲ."

"ಅವರು ಬರೋ ಹಿಂದಿನ ದಿನ ಎಲ್ಲಿ ಹೋಗಿದ್ದಿ?"

"ಸುರಪುರಕ್ಕ. ಮಗಳ ಮನಿಗಿ."

"ಬರೋವಾಗ ಏನು ತಂದಿ?"

ಬಸ್ಸಮ್ಮ ಪಂಚಶೀಲಾಳ ಕಡೆ ನೋಡಿದಳು. "ಕ್ಯಾನಿನಾಗ ನೀರು. ನಾನೇ ಬದಲಿ ಮಾಡೀನಿ. ಆ ಕೂಸಿನ ಕೆಲಸಕ್ಕ ಕುತ್ತು ಬರ್ತದಂತ ನನಗೇನು ಗೊತ್ತಿತ್ತು ಯವ್ವಾ? ಬರಕೋರಿ."

"ಯಾಕ ಮಾಡಿದಿ?"

ಅವಳು ತಡೆದು ತಡೆದು ಹೇಳಿದಳು. "ಸಣ್ಣಾಕಿದ್ದಾಗ ಊರ ಬಾವಿ ಕಟ್ಟಿ ಕೆಳಗ ಕೊಡ ಇಟ್ಟು ನಿಂದರ್ತಿದ್ದೆ. ಯಾರರೆ ಮ್ಯಾಲಿಂದ ಹುಯ್ದ್ರ ನೀರು, ಇಲ್ಲಂದ್ರ ಖಾಲಿ ಕೊಡ. ಲಗ್ನಾದ ಮ್ಯಾಲ ನಾನೂ ನನ್ನ ಗಂಡ ಈಶಪ್ಪನೂ ಎರಡು ಬ್ಯಾಸಗಿ ಅಗದು ಈ ಬಾವಿ ತೋಡಿದ್ವಿ. ವಿಷದ ಬಾವಿ ಅಂತ ಇದಕ್ಕ ಕೆಂಪು ಬಣ್ಣ ಬಳದ್ರ ನನ್ನ ಮೊಮ್ಮಕ್ಕಳು ಮತ್ತ ಅಲ್ಲೇ ಹೋಗಿ ನಿಂದರ್ಬೇಕಲ್ಲ?"

ಪಂಚಶೀಲಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಶಾಲಿ ಬೋರಿನ ನೀರು ಚೊಲೋ ಅದ ಆಯಿ. ಅದನ್ನೂ ನಾನೇ ಸೋಸಿ, ಬತ್ತಿಸಿ ನೋಡೀನಿ. ಇಲ್ಲೀತನ ಪೈಪು ಬರ್ತದ."

"ಕೇರಿಯೊಳಗೇ?"

"ಕೇರಿಯೊಳಗೇ. ನಳದ ಮುಂದ ಯಾರ ಅಪ್ಪಣಿ ಬೇಕು?"

ಬುಧವಾರ ಸಂಜೆ ಅರಗು ಹಚ್ಚಿದ ನೀರಿನ ವರದಿ ಬಂತು. ಕಾಗದದ ಮೇಲೆ ತುಕ್ಕಿನ ಮಣ್ಣು, ಬೀಕರಿಗೆ ಸುಣ್ಣ, ಬತ್ತಿಸಿದ ನೀರಿನಲ್ಲಿ ವಿಷ. ಗುರುವಾರ ಬೆಳಿಗ್ಗೆ ಪಂಚಶೀಲಾಳ ನೋಟಿಸು ವಾಪಸಾಯಿತು. ಅದೇ ದಿನ ಹನ್ನೊಂದು ಗಂಟೆಗೆ ಮಲಕಮ್ಮ ಬಸ್ಸಮ್ಮನನ್ನು ದಸ್ತಗಿರಿ ಮಾಡಿದಳು. ಜಾಮೀನು ಸಿಗುವ ಕಲಮು. ಶರೀಫಾಬೀ ಜಾಮೀನಿಗೆ ನಿಂತಳು, ನಾಲ್ಕರ ಬಸ್ಸಿಗೆ ಇಬ್ಬರೂ ಊರಿಗೆ ಹೊರಟರು. ಪೈಪಿಗಾಗಿ ಇನ್‌ಸ್ಪೆಕ್ಟರು ಪಂಚಾಯಿತಿಗೆ ಬರೆದ ಪತ್ರ ಅದೇ ಬಸ್ಸಿನಲ್ಲಿ ಹೋಯಿತು. ಮುಂದಿನ ವಾರ ಕೇರಿಯಲ್ಲಿ ಪೈಪು ಹೂಳಲು ಕಾಲುವೆ ತೋಡುವ ಕೆಲಸ ಶುರುವಾಯಿತು.

ದೋಷಾರೋಪ ಪಟ್ಟಿ ಸಿದ್ಧವಾಗುವಾಗ ಉದ್ದೇಶದ ಜಾಗ ಖಾಲಿ ಉಳಿದಿತ್ತು.

"ಮೋಸ ಅಂತ ಬರಿ, ಮುಗೀತು," ಎಂದರು ಭೀಮಾಶಂಕರ.

ಮಲಕಮ್ಮ ನಿಧಾನವಾಗಿ, ಒತ್ತಿ ಒತ್ತಿ ಬರೆದಳು: "ಕೇರಿಯ ಕೊಡಕ್ಕೆ ಮತ್ತೊಬ್ಬರು ಮೇಲಿನಿಂದ ನೀರು ಹೊಯ್ಯುವ ದಿನ ತಿರುಗಿ ಬಂದೀತೆಂಬ ಭಯದಿಂದ."

ಇನ್‌ಸ್ಪೆಕ್ಟರು ಅದನ್ನು ಎರಡು ಸಲ ಓದಿದರು. ಒಂದಕ್ಷರವನ್ನೂ ಹೊಡೆದುಹಾಕದೆ ಕೆಳಗೆ ಸಹಿ ಹಾಕಿದರು.