ಅನ್ನ ಮಾತ್ರ ಬಂದ್

"ಸ್ಟಾಪ್! ಪಪ್ಪಾ, ಕೈ ತೆಗೀರಿ!"

ಅಶ್ಮಿತಾ ಕೂಗಿದ ರಭಸಕ್ಕೆ ಪಪ್ಪನ ಕೈಯಲ್ಲಿದ್ದ ಸೌಟು ಅನ್ನದ ಪಾತ್ರೆಯೊಳಗೆ ಬಿದ್ದೇಬಿಟ್ಟಿತು.

"ನಿನಗೆ ಬಡಿಸ್ಲಿಕ್ಕೆ ಮಾರಾಯ್ತಿ, ನನಗಲ್ಲ" ಎಂದರು ಪಪ್ಪ.

"ನನಗೆ ನಾನೇ ಬಡಿಸಿಕೊಳ್ತೇನೆ. ನಿಮ್ಮ ಮೇಲೆ ಭರೋಸಾ ಇಲ್ಲ."

"ಅಯ್ಯೋ, ಮನೆಯಲ್ಲೇ ಪೊಲೀಸ್ ಚೌಕಿ ಶುರುವಾಯ್ತಲ್ಲ!" ಎಂದು ಅಮ್ಮ ಜಯಲತಾ ಅಡುಗೆಮನೆಯಿಂದ ನಕ್ಕರು. ಅಶ್ಮಿತಾ ನಗಲಿಲ್ಲ. ಐದನೇ ಕ್ಲಾಸಿನ ಹುಡುಗಿಯಾದರೂ ಅವಳ ಮುಖದಲ್ಲಿ ಆ ಹೊತ್ತಿಗೆ ನಿಜವಾಗಿಯೂ ಒಬ್ಬ ಇನ್‌ಸ್ಪೆಕ್ಟರ್ ಕೂತಿದ್ದ.

ಅದಕ್ಕೆ ಕಾರಣವೂ ಇತ್ತು. ಪಪ್ಪ, ಅಂದರೆ ಕುಶಲ, ಮಹಾರಾಷ್ಟ್ರದ ನೌಪಾಡಾ ಪೇಟೆಯ ಒಂದು ಉಡುಪಿ ಹೋಟೆಲಿನ ಮುಖ್ಯ ಅಡುಗೆಯವರು. ಬೆಳಿಗ್ಗೆ ಒಲೆಯ ಮುಂದೆ ನಿಂತರೆ ಮಧ್ಯಾಹ್ನದ ಊಟ ಮುಗಿಯುವವರೆಗೂ ನಿಂತೇ ಇರಬೇಕು. ಹೋಟೆಲಿನಲ್ಲಿ ತಿನ್ನುವವರಿಗೆಲ್ಲ ಕುರ್ಚಿ ಉಂಟು, ಮಾಡಿ ಹಾಕುವವನಿಗೆ ಮಾತ್ರ ಇಲ್ಲ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ!

ಅಂಥ ಪಪ್ಪನ ಅಂಗಾಲಿಗೆ ಉರಿ ಹತ್ತಿತ್ತು. ಒಮ್ಮೆ ಮೆಣಸಿನ ಪುಡಿ ಮೆತ್ತಿದ ಹಾಗೆ, ಒಮ್ಮೆ ಸೂಜಿ ಚುಚ್ಚಿದ ಹಾಗೆ. ಚಪ್ಪಲಿ ಹಾಕಿದರೂ ನೋವು, ತೆಗೆದರೂ ನೋವು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿ ತಿಕ್ಕಿ, ಕೊನೆಗೆ ಡಾಕ್ಟರ ಬಳಿ ಹೋದಾಗ ಗೊತ್ತಾಯಿತು, ಅದು ಚರ್ಮದ ಉರಿಯಲ್ಲ, ಒಳಗಿನ ನರದ್ದು. ರಕ್ತದಲ್ಲಿ ಶುಗರ್ ಏರಿ ನರಗಳನ್ನು ಹಾಳು ಮಾಡುತ್ತಿತ್ತು.

"ಮಾತ್ರೆ ಬರೆದಿದ್ದೇನೆ. ಆದರೆ ಬರೀ ಮಾತ್ರೆಯಿಂದ ಆಗುವುದಿಲ್ಲ" ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದ್ದರು. "ಚಾವಲ್ ಬಂದ್. ಸಕ್ಕರೆ ಬಂದ್. ಮೈದಾ ಬಂದ್. ಹೀಗೇ ಬಿಟ್ಟರೆ ಇನ್ನು ನಿಂತು ಕೆಲಸ ಮಾಡಲಿಕ್ಕಾಗದು."

ನಿಂತು ಕೆಲಸ ಮಾಡಲಿಕ್ಕಾಗದು! ಆ ಮಾತು ಅಶ್ಮಿತಾಳ ಎದೆಯಲ್ಲಿ ಮುಳ್ಳಿನ ಹಾಗೆ ನಾಟಿತು. ನಿಲ್ಲಲಾಗದ ಅಡುಗೆಯವನನ್ನು ಯಾವ ಹೋಟೆಲು ಇಟ್ಟುಕೊಳ್ಳುತ್ತದೆ? ವರ್ತಕ ನಗರದ ಮನೆಗೆ ಬರುತ್ತಲೇ ಅವಳು ಘೋಷಿಸಿದಳು: "ಇವತ್ತಿನಿಂದ ಈ ಮನೆಯಲ್ಲಿ ಪಪ್ಪನಿಗೆ ಅನ್ನ ಬಂದ್."

ಬಂದ್ ಅಂದರೆ ಬಂದ್. ಅನ್ನದ ಬದಲು ಅಮ್ಮ ಕಾವಲಿ ಇಟ್ಟರು. ಕರ್ಚೀಫಿನ ಹಾಗೆ ಮಡಚಿದ ಮೆತ್ತಗಿನ ನೀರ್ ದೋಸೆ ಒಂದರ ಹಿಂದೆ ಒಂದು ಬಂತು. ಮರುದಿನ ಹಬೆಯಲ್ಲಿ ಬೆಂದ ಪುಂಡಿ ಉಂಡೆ. ಅದರ ಮರುದಿನ ಒತ್ತು ಶ್ಯಾವಿಗೆ.

"ಸಾಕು ಮಗಾ" ಎಂದರೂ ಅಶ್ಮಿತಾ ಬಿಡುತ್ತಿರಲಿಲ್ಲ. "ಅನ್ನ ಇಲ್ಲ ಅಂತ ಉಪವಾಸ ಇರಬಾರದು. ಇನ್ನೊಂದು ತಿನ್ನಿ." ಹೀಗೆ ದಿನಾ ಒಂದು ಹೆಚ್ಚೇ ಬಡಿಸಿದಳು.

ಆದರೆ ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಒಂದಿಷ್ಟೂ ಇಳಿದಿರಲಿಲ್ಲ. ಉರಿ ಮೊದಲಿಗಿಂತ ಜಾಸ್ತಿಯೇ ಆಗಿತ್ತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಏನೋ ತಿನ್ನುತ್ತಾ ಇದ್ದೀರಿ ನೀವು."

"ಇಲ್ಲ ಸರ್. ಅನ್ನದ ಅಗುಳು ಮುಟ್ಟಿಲ್ಲ" ಎಂದರು ಪಪ್ಪ.

ಪಕ್ಕದಲ್ಲಿ ಕೂತಿದ್ದ ಅಶ್ಮಿತಾಳಿಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಪಪ್ಪ ತಿನ್ನುವುದನ್ನು ಅವಳೇ ನೋಡುತ್ತಾಳೆ. ಹಾಗಾದರೆ ಮತ್ತೆಲ್ಲಿ? ಹೋಟೆಲಿನಲ್ಲೇ!

ಅವಳ ಶಾಲೆ ಹೋಟೆಲಿನಿಂದ ಎರಡು ಗಲ್ಲಿ ಆಚೆ. ಶನಿವಾರ ಅರ್ಧ ದಿನ ಶಾಲೆ. ಬೆಲ್ ಹೊಡೆದದ್ದೇ ತಡ, ಅವಳು ಬೆನ್ನಿನ ಬ್ಯಾಗ್ ಕುಣಿಸುತ್ತಾ ಓಡಿ, ಹೋಟೆಲಿನ ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದಳು.

ಸಿಕ್ಕಿಬಿದ್ದರು! ಪಪ್ಪ ದೊಡ್ಡ ಬಾಣಲೆಯ ಮುಂದೆ ನಿಂತು, ಹಳದಿ ಬಣ್ಣದ ರವೆ ಶೀರಾವನ್ನು ಚಮಚದ ತುದಿಯಿಂದ ಅಂಗೈಗೆ ಹಾಕಿಕೊಂಡು ನೆಕ್ಕುತ್ತಿದ್ದರು.

"ಸುಳ್ಳುಗಾರ!" ಅಶ್ಮಿತಾ ಕಿರುಚಿದಳು. "ಮನೆಯಲ್ಲಿ ಪ್ರಾಮಿಸ್ ಮಾಡಿ ಇಲ್ಲಿ ಕದ್ದು ಶೀರಾ ತಿಂತೀರಾ? ಡಾಕ್ಟರ್ ಹತ್ತಿರಾನೂ ಸುಳ್ಳು ಹೇಳಿದ್ರಿ!"

ಪಾತ್ರೆ ತೊಳೆಯುವವರು, ತರಕಾರಿ ಹೆಚ್ಚುವವರು, ತಟ್ಟೆ ಹಿಡಿದು ಓಡುವ ವೇಟರುಗಳು, ಎಲ್ಲರೂ ತಿರುಗಿ ನೋಡಿದರು. ಗಲ್ಲೆಯಲ್ಲಿ ದುಡ್ಡು ಎಣಿಸುತ್ತಿದ್ದ ಹೋಟೆಲಿನ ಧನಿ ಧರ್ಮಪಾಲರು ಒಳಗೆ ಇಣುಕಿ, "ಎಂತ ಕುಶಲ, ಮಗಳದ್ದು ರೇಡಾ?" ಎಂದರು. ಅಡುಗೆಮನೆಯೆಲ್ಲ ಗೊಳ್ಳೆಂದು ನಕ್ಕಿತು.

ಪಪ್ಪನ ಕಿವಿ ಕೆಂಪಾಯಿತು. "ರುಚಿ ನೋಡಿದ್ದು ಮಗಾ" ಎಂದಷ್ಟೇ ಹೇಳಿ ಅವರು ಮತ್ತೆ ಬಾಣಲೆಯ ಕಡೆ ತಿರುಗಿದರು.

ಭಾನುವಾರ ಸಂಜೆ ಪಕ್ಕದ ಮನೆಯ ಈರವ್ವಜ್ಜಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಬಾಗಲಕೋಟೆ ಕಡೆಯವರು. ಅವರು ಬಂದರೆ ಮನೆ ತುಂಬಿದ ಹಾಗೆ, ಮಾತೂ ಅಷ್ಟು, ಪ್ರೀತಿಯೂ ಅಷ್ಟು. ಅಶ್ಮಿತಾ ಅವರ ಮುಂದೆ ಪಪ್ಪನ ಮೇಲಿನ ದೂರನ್ನೆಲ್ಲ ಒಪ್ಪಿಸಿದಳು. ಪಪ್ಪ ಮೂಲೆಯಲ್ಲಿ ತಣ್ಣೀರಿನ ಬಕೆಟ್ಟಿಗೆ ಕಾಲಿಟ್ಟು ಕೂತಿದ್ದರು.

"ಒಂದ್ ಚಮಚಾ ಶೀರಾಕ್ಕ ಇಷ್ಟ್ ಉರಿ ಆಗ್ತೈತೇನ?" ಎಂದ ಈರವ್ವಜ್ಜಿಯ ಕಣ್ಣು ಅಮ್ಮನ ಪಾತ್ರೆಯ ಮೇಲೆ ಬಿತ್ತು. "ಇದೇನವಾ ಜಯಾ, ಹಿಟ್ಟು?"

"ನೀರ್ ದೋಸೆಗೆ ಅಜ್ಜಿ. ಇವರು ಅನ್ನ ಬಿಟ್ಟಿದ್ದಾರಲ್ಲ, ಅದಕ್ಕೆ."

"ಯಾತರ ಹಿಟ್ಟು?"

"ಅಕ್ಕಿದು."

"ನಿನ್ನಿ ಏನ್ ಮಾಡಿದ್ದಿ?"

"ಪುಂಡಿ."

"ಅದು ಯಾತರದು?"

"ಅಕ್ಕಿ..." ಅಮ್ಮನ ಸ್ವರ ಇಳಿಯಿತು.

"ಮೊನ್ನಿ?"

"ಶ್ಯಾವಿಗೆ" ಎಂದವರೇ ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

ಈರವ್ವಜ್ಜಿ ಹಣೆ ಹಣೆ ಬಡಿದುಕೊಂಡರು. "ಹುಚ್ಚಪ್ಪಗೋಳ್ರಾ! ಅಕ್ಕೀನ ಮುಂದಿನ ಬಾಗಲದಿಂದ ಹೊರಗ ಹಾಕಿ, ಹಿತ್ತಲ ಬಾಗಲದಿಂದ ಒಳಗ ಕರಕೊಂಡೀರಲ್ಲ!"

ಅಮ್ಮನಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಅವರ ಮನೆಯಲ್ಲಿ ಮೊದಲಿನಿಂದಲೂ ಊಟ ಅಂದರೆ ಅನ್ನ, ದೋಸೆ-ಪುಂಡಿ ಅಂದರೆ ತಿಂಡಿ. ತಿಂಡಿಯನ್ನು ಅಕ್ಕಿಯ ಜೊತೆ ಸೇರಿಸಿ ನೋಡುವುದು ಯಾರಿಗೂ ಹೊಳೆದಿರಲಿಲ್ಲ, ಹೋಟೆಲಿನ ಅಡುಗೆಯವರಿಗೂ.

ಅಶ್ಮಿತಾ ಮಾತ್ರ ತನ್ನನ್ನೇ ಕೇಳಿಕೊಂಡಳು. ದಿನಾ ಒಂದು ಹೆಚ್ಚು ಬಡಿಸಿದ್ದು ಯಾರು? ಪಪ್ಪ ಸಾಕು ಅಂದರೂ ಕೇಳದೆ ಹಾಕಿದ್ದು ಯಾರು? ಬಕೆಟ್ಟಿನಲ್ಲಿದ್ದ ಪಪ್ಪನ ಕಾಲುಗಳನ್ನು ನೋಡಲು ಅವಳಿಗೆ ಆಗಲಿಲ್ಲ.

ಮರುದಿನ ಡಾಕ್ಟರನ್ನೂ ಕೇಳಿದ್ದಾಯಿತು, ಅವರೂ ಅಜ್ಜಿಯ ಮಾತೇ ಸರಿ ಎಂದರು. ಆಮೇಲೆ ಈರವ್ವಜ್ಜಿ ಅಮ್ಮನಿಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದರು. ಜೊತೆಗೆ ಹೆಸರುಕಾಳಿನ ಪಲ್ಯ, ಮೆಂತೆ ಸೊಪ್ಪು, ಹಸಿ ಸೌತೆಕಾಯಿ. "ಜ್ವಾಳ ಛಲೋ ಅಂತ ಗುಡ್ಡ ಹಾಕಬ್ಯಾಡ್ರಿ ಮತ್ತ. ಎರಡ ರೊಟ್ಟಿ, ಪಲ್ಯಾ ಜಾಸ್ತಿ" ಎಂದು ಎಚ್ಚರಿಸಿದರು.

ಅಮ್ಮನ ಮೊದಲ ರೊಟ್ಟಿ ಮಹಾರಾಷ್ಟ್ರದ ನಕ್ಷೆಯ ಹಾಗಿತ್ತು. "ರುಚಿ ಉಂಟು. ಹಲ್ಲು ಉಳಿದರೆ ನಾಳೆಯೂ ತಿನ್ನುವ" ಎಂದು ಪಪ್ಪ ಅಮ್ಮನನ್ನು ಛೇಡಿಸಿದರು.

ಅಶ್ಮಿತಾಳನ್ನು ಮಾತ್ರ ಛೇಡಿಸಲಿಲ್ಲ. ಅವಳ ಹತ್ತಿರ ಪಪ್ಪ ಈಗ ತುಂಬಾ ಮರ್ಯಾದೆಯಿಂದ ಇದ್ದರು. "ಈ ಬಾಳೆಹಣ್ಣು ತಿನ್ನಬಹುದಾ ಮಗಾ?" ಎಂದು ಕೇಳಿಯೇ ಮುಟ್ಟುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಒಂದು ಸಂಜೆ ಅವಳು, "ಸಾರಿ ಪಪ್ಪಾ" ಎಂದಳು.

"ಬಿಡು ಮಗಾ. ಮುಗೀತಲ್ಲ" ಎಂದರು ಪಪ್ಪ.

ಆದರೆ ಮುಗಿದಿರಲಿಲ್ಲ. ಬೈದದ್ದು ಎಲ್ಲರ ಎದುರು. ಸಾರಿ ಹೇಳಿದ್ದು ಮನೆಯ ನಾಲ್ಕು ಗೋಡೆಯ ನಡುವೆ. ಇದು ಯಾವ ನ್ಯಾಯ?

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಹೋಟೆಲಿಗೆ ಹೋದಳು. ಕೈಯಲ್ಲಿ ಪಪ್ಪನ ರೊಟ್ಟಿಯ ಡಬ್ಬಿ ಇತ್ತು. ಈ ಸಲ ಹಿಂಬಾಗಿಲಿನಿಂದಲ್ಲ, ಎದುರು ಬಾಗಿಲಿನಿಂದಲೇ ಹೋಗಿ ಗಲ್ಲೆಯ ಮುಂದೆ ನಿಂತಳು.

"ಅಂಕಲ್, ಪಪ್ಪ ಸುಳ್ಳು ಹೇಳಿರಲಿಲ್ಲ. ದೋಸೆ ಬಡಿಸಿದ್ದು ನಾನು."

"ಯಾವ ದೋಸೆ?" ಧರ್ಮಪಾಲರು ಕಣ್ಣು ಮಿಟುಕಿಸಿದರು. "ಮಸಾಲೆಯಾ, ಸಾದಾವಾ?"

"ನೀರ್ ದೋಸೆ." ಅವಳ ಸ್ವರ ಏರಿತು. ತಿನ್ನುತ್ತಿದ್ದವರು ತಲೆಯೆತ್ತಿದರು. "ಅದಕ್ಕೇ ಶುಗರ್ ಇಳೀಲಿಲ್ಲ. ತಪ್ಪು ನಂದು. ಪಪ್ಪನಿಗೆ ಯಾರೂ ರೇಡ್ ಅಂತ ತಮಾಷೆ ಮಾಡಬೇಡಿ. ಮತ್ತೆ ಅವರ ಕಾಲು ಉರೀತದೆ. ನಿಮಗೆ ಇಷ್ಟೊಂದು ಕುರ್ಚಿ ಉಂಟಲ್ಲ, ಅವರಿಗೆ ಒಂದು ಕೊಡಿ!"

ಧರ್ಮಪಾಲರ ನಗು ಅರ್ಧಕ್ಕೇ ನಿಂತಿತು. "ನೋಡುವ, ನೋಡುವ" ಎಂದರು. ಆ 'ನೋಡುವ'ಕ್ಕೆ ನಮ್ಮವರ ಬಾಯಲ್ಲಿ ಏನರ್ಥವೋ ದೇವರೇ ಬಲ್ಲ.

ಅಡುಗೆಮನೆಯ ಬಾಗಿಲಲ್ಲಿ ಪಪ್ಪ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವಳ ಬೆನ್ನಿನ ಬ್ಯಾಗನ್ನು ತೆಗೆದು ಮೊಳೆಗೆ ತೂಗುಹಾಕಿದರು.

"ಉರಿ ಕಮ್ಮಿ ಆಯ್ತಾ?" ಅವಳು ಮೆಲ್ಲಗೆ ಕೇಳಿದಳು.

"ಇಷ್ಟು ಬೇಗ ಇಲ್ಲ. ನರ ಅಂದ್ರೆ ಆಮೆಯ ಹಾಗೆ ಅಂತೆ, ಡಾಕ್ಟರು ಹೇಳಿದ್ರಲ್ಲ. ಕಾಯಬೇಕು."

ಒಲೆಯ ಮೇಲೆ ಶೀರಾ ಬೇಯುತ್ತಿತ್ತು. ಪಪ್ಪ ಅದನ್ನು ಒಮ್ಮೆ ಮಗುಚಿ, ಚಮಚದ ತುದಿಯಿಂದ ಸಾಸಿವೆ ಕಾಳಿನಷ್ಟನ್ನು ಅಂಗೈಗೆ ಹಾಕಿಕೊಂಡರು. ಅಂಗೈ ಬಾಯಿಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಪಪ್ಪ ಅಶ್ಮಿತಾಳ ಮುಖ ನೋಡಿದರು.

ಹೋಮ್‌ವರ್ಕ್ ಮಾಡದ ದಿನ ಟೀಚರ ಮುಖವನ್ನು ತಾನು ಹೀಗೇ ನೋಡುತ್ತೇನೆ ಎಂದು ಅಶ್ಮಿತಾಳಿಗೆ ಅನಿಸಿತು. ಇಷ್ಟು ದೊಡ್ಡ ಬಾಣಲೆಯನ್ನು ಒಂದೇ ಕೈಯಲ್ಲಿ ಇಳಿಸುವ ಪಪ್ಪ. ಈ ಹೋಟೆಲಿನ ಅಷ್ಟೂ ಜನಕ್ಕೆ ಉಣಿಸುವ ಪಪ್ಪ. ತನ್ನ ಮುಖ ನೋಡಿ ಹೆದರುತ್ತಿದ್ದಾರೆ.

ಅವಳು ಹತ್ತಿರ ಹೋಗಿ, ಪಪ್ಪನ ಏಪ್ರನ್ನಿನ ತುದಿ ಹಿಡಿದು ನಿಂತಳು.

"ಸಿಹಿ ಸರಿ ಉಂಟಾ, ಪಪ್ಪಾ?"

ಪಪ್ಪ ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ಒಂದು ಕ್ಷಣ ಯೋಚಿಸಿದರು.

"ಸಿಹಿ ಸರಿ ಉಂಟು" ಎಂದರು. "ಏಲಕ್ಕಿ ಒಂಚೂರು ಕಮ್ಮಿ."